ತಪ್ಪಿಲ್ಲದ ಮೆಮೊ

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟ್ ಇದು. ಪೂರ್ತಿ ಓದಿ. ಆಮೇಲೆ ಬಯ್ಯೋದಿದ್ರೆ ಬಯ್ಯಿರಿ, ಬೇಜಾರಿಲ್ಲ.

ಮೊನ್ನೆ ನಮ್ಮ ಸಂಘಟನೆಯ ಸಭೆಯಲ್ಲಿ "ಶಾಲೆ ಕಾಲೇಜುಗಳಲ್ಲಿ ಮಾತಿನ ಸ್ವಾತಂತ್ರ್ಯ" ಅನ್ನೋ ವಿಷಯಕ್ಕೆ ನನ್ನನ್ನ ನಿಲ್ಲಿಸಿದ್ರು. ಸಂವಿಧಾನದ 19ನೇ ವಿಧಿ ಹೇಳಿದೆ, ರೋಹಿತ್ ವೇಮುಲಾ ಬಗ್ಗೆ ಹೇಳಿದೆ, ಚಪ್ಪಾಳೆನೂ ಬಿತ್ತು. ಕೆಳಗಿಳಿದು ಟೀ ಕುಡೀತಿದ್ದಾಗ ಪಿಯುಸಿ ಓದೋ ಹುಡುಗ ಒಬ್ಬ ಬಂದು, "ಅಣ್ಣ, ಕಾಲೇಜಲ್ಲಿ ಹಿಂಗೆಲ್ಲ ಮಾತಾಡಿದ್ರೆ ನೋಟಿಸ್ ಕೊಡೋದು ಯಾರು?" ಅಂತ ಕೇಳ್ದ. "ಪ್ರಿನ್ಸಿಪಾಲರು ಸಹಿ ಹಾಕ್ತಾರಪ್ಪ" ಅಂದೆ.

ಸಹಿ ಹಾಕೋದು ಪ್ರಿನ್ಸಿಪಾಲರು, ನಿಜ. ಆದರೆ ಟೈಪ್ ಮಾಡೋದು ಯಾರು ಅನ್ನೋದನ್ನ ಆ ಹುಡುಗನಿಗೆ ಹೇಳಲಿಲ್ಲ. ವೇದಿಕೆ ಮೇಲೂ ಹೇಳಿರಲಿಲ್ಲ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಕೆಲವು ವರ್ಷಗಳ ಹಿಂದೆ ನಾನು ಒಂದು ಡಿಗ್ರಿ ಕಾಲೇಜಿನ ಆಫೀಸಲ್ಲಿ ಗುಮಾಸ್ತ. ಈಗ ಅಲ್ಲಿಲ್ಲ. ಕಾಲೇಜಿನ ಹೆಸರು, ಊರಿನ ಹೆಸರು ಹೇಳಲ್ಲ. ಹೇಳಿದ್ರೆ ಆ ಮೇಷ್ಟ್ರ ಗುರುತು, ಆ ಹುಡುಗಿಯ ಗುರುತು ಸಿಗುತ್ತೆ. ಅವರು ಪಟ್ಟಿದ್ದು ಸಾಕು.

ಇತಿಹಾಸಕ್ಕೆ ಒಬ್ಬ ಅತಿಥಿ ಉಪನ್ಯಾಸಕರಿದ್ರು. ನಮ್ಮವರೇ. ನನಗಿಂತ ಹತ್ತು ವರ್ಷ ಚಿಕ್ಕವರು, ಸಂಘಟನೆಯ ಶಿಬಿರಗಳಲ್ಲಿ ಪರಿಚಯ ಆಗಿದ್ದವರು. ಆಫೀಸಲ್ಲಿ ನಾನು ಅವರನ್ನ 'ಸರ್' ಅಂತಿದ್ದೆ, ಅವರು ನನ್ನನ್ನ 'ಅಣ್ಣ' ಅಂತಿದ್ರು. ಒಂದು ದಿನ ಮಹಾಡ್ ಸತ್ಯಾಗ್ರಹದ ಪಾಠ. 1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಚವದಾರ್ ಕೆರೆ ನೀರು ಮುಟ್ಟಿದ್ದು, ಅದೇ ವರ್ಷ ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟಿದ್ದು ಎಲ್ಲ ಹೇಳಿದ್ದಾರೆ. ಪಾಠ ಮುಗಿಸೋವಾಗ, "ಇದು ಬರೀ ಇತಿಹಾಸನಾ, ನಿಮ್ಮ ಊರಲ್ಲೂ ಇದ್ಯಾ? ಯೋಚನೆ ಮಾಡಿ ಬರೀರಿ" ಅಂದಿದ್ದಾರೆ. ಇಷ್ಟೇ ಅವರು ಮಾಡಿದ ತಪ್ಪು.

ಎರಡನೇ ವರ್ಷದ ಬಿಎ ಹುಡುಗಿಯೊಬ್ಬಳು ಬರೆದಳು. ಅವಳ ಊರಿನ ಕ್ಷೌರದ ಅಂಗಡಿಯಲ್ಲಿ ಅವಳ ತಮ್ಮನಿಗೆ ಕಟಿಂಗ್ ಮಾಡಲ್ಲ, ಅವನು ಬಸ್ ಹತ್ತಿ ಟೌನಿಗೆ ಬರಬೇಕು. ಹೋಗಿ ಬರೋ ಚಾರ್ಜು ಎಷ್ಟು, ಕಟಿಂಗಿಗೆ ಎಷ್ಟು, ಅಪ್ಪನ ಒಂದು ದಿನದ ಕೂಲಿಯಲ್ಲಿ ಅದು ಎಷ್ಟು ಪಾಲು ಅಂತ ಲೆಕ್ಕ ಹಾಕಿ ಬರೆದಿದ್ಲು. ಯಾರನ್ನೂ ಬಯ್ದಿರಲಿಲ್ಲ. ಜಾತಿ ಹೆಸರು ಕೂಡ ಬರೆದಿರಲಿಲ್ಲ. ಮೇಷ್ಟ್ರು ಅದನ್ನ ಕಾಲೇಜಿನ ಭಿತ್ತಿಪತ್ರಿಕೆಗೆ ಹಾಕಿಸಿದ್ರು.

ಎರಡು ದಿನ ಇತ್ತು ಗೋಡೆ ಮೇಲೆ. ಮೂರನೇ ದಿನ ಯಾರೋ ಕಿತ್ತು ಹಾಕಿದ್ರು. ನಾಲ್ಕನೇ ದಿನದ ಟಪಾಲಿನಲ್ಲಿ ಒಂದು ಮೂಕರ್ಜಿ ಬಂತು.

ಆಫೀಸಿನ ಹೊರಗಿನವರಿಗೆ ಹೇಳ್ಬೇಕು. ಹೆಸರು, ವಿಳಾಸ, ಸಹಿ ಇಲ್ಲದ ದೂರು ಪತ್ರಕ್ಕೆ ನಮ್ಮ ಕಡೆ ಮೂಕರ್ಜಿ ಅಂತಾರೆ. ಅದರಲ್ಲಿ, ಸದರಿ ಉಪನ್ಯಾಸಕರು ವಿದ್ಯಾರ್ಥಿಗಳಲ್ಲಿ ಜಾತಿ ವಿಷ ಬಿತ್ತುತ್ತಿದ್ದಾರೆ, ಊರಿನ ಮಾನ ಹರಾಜು ಹಾಕಿಸಿದ್ದಾರೆ, ಕ್ರಮ ತಗೊಳ್ಳದಿದ್ರೆ ಮೇಲಿನವರ ಗಮನಕ್ಕೆ ತರ್ತೀವಿ ಅಂತ ಇತ್ತು. ಹೆಸರಿಲ್ಲದ ದೂರಿನ ಮೇಲೆ ಕ್ರಮ ತಗೋಬಾರದು ಅಂತ ಕೇಂದ್ರ ಜಾಗೃತ ಆಯೋಗ 1999ರಲ್ಲೇ ಸುತ್ತೋಲೆ ಹೊರಡಿಸಿದೆ. ಅದು ಕೇಂದ್ರದ ಕಚೇರಿಗಳಿಗೆ ಅಂತ ಇಟ್ಟುಕೊಂಡ್ರೂ, ಮೂಕರ್ಜಿಗೆ ಬೆಲೆ ಕೊಡಬಾರದು ಅನ್ನೋ ಮಾತು ಗೊತ್ತಿಲ್ಲದ ಗುಮಾಸ್ತ ಯಾವ ಆಫೀಸಲ್ಲೂ ಇಲ್ಲ. ನನಗೂ ಗೊತ್ತಿತ್ತು. ಟಿಪ್ಪಣಿ ಹಾಳೆಯಲ್ಲಿ "ಇದು ಅನಾಮಧೇಯ ಅರ್ಜಿಯಾದ್ದರಿಂದ ಕ್ರಮದ ಅಗತ್ಯ ಇರುವುದಿಲ್ಲ" ಅಂತ ಒಂದು ಸಾಲು ಬರೆದು ಮಂಡಿಸಬಹುದಿತ್ತು. ಮೇಲಿನವರು ಒಪ್ಪುತ್ತಿದ್ರೋ ಇಲ್ವೋ, ಆ ಸಾಲು ಕಡತದಲ್ಲಿ ಉಳೀತಿತ್ತು.

ನಾನು ಬರೀಲಿಲ್ಲ.

ಮೇಲಿಂದ ಕರೆಸಿ, "ಒಂದು ಮೆಮೊ ರೆಡಿ ಮಾಡ್ರಿ" ಅಂದ್ರು. ಬಂದು ಕಂಪ್ಯೂಟರ್ ಮುಂದೆ ಕೂತೆ. "ತಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು." ಇಂಥ ಸಾಲು ನನ್ನ ಕೈಗೆ ಬಾಯಿಪಾಠ. ರಜೆ ಹಾಕದೆ ಹೋದ ಅಟೆಂಡರ್‌ಗೂ ಅದೇ ಸಾಲು, ಮಹಾಡ್ ಪಾಠ ಮಾಡಿದ ಮೇಷ್ಟ್ರಿಗೂ ಅದೇ ಸಾಲು. ಕರಡಿನಲ್ಲಿ ಮೇಲಿನವರು 'ವಿದ್ಯಾರ್ಥಿ' ಪದಕ್ಕೆ ಅಲ್ಪಪ್ರಾಣ ಹಾಕಿದ್ರು. ಅದನ್ನೂ ತಿದ್ದಿದೆ. ಚೆನ್ನಾಗಿ ಕನ್ನಡ ಬರೆಯೋ ಗುಮಾಸ್ತ ಅಂತ ನನಗೆ ಹೆಸರಿತ್ತು ನೋಡಿ.

ಮುದ್ದಾಂ ಪುಸ್ತಕದಲ್ಲಿ ಸಹಿ ಮಾಡಿ ತಗೊಳ್ಳೋಕೆ ಮೇಷ್ಟ್ರು ಆಫೀಸಿಗೆ ಬಂದ್ರು. ನಿಂತಲ್ಲೇ ಓದಿದ್ರು. ಆಮೇಲೆ ನನ್ನ ಕಡೆ ತಿರುಗಿ, "ನೀವೇ ಟೈಪ್ ಮಾಡಿದ್ದಾ ಅಣ್ಣ? ಒಂದೂ ತಪ್ಪಿಲ್ಲ ನೋಡಿ" ಅಂದ್ರು. ಕೋಪದಲ್ಲಿ ಅನ್ನಲಿಲ್ಲ. ಅದಕ್ಕೇ ಇವತ್ತಿಗೂ ಕೇಳ್ತಾ ಇರುತ್ತೆ.

ಮಾರನೇ ದಿನ ಹುಡುಗಿಯ ಅಪ್ಪ ಬಂದ. ಯಾರು ಹೇಳಿ ಕಳಿಸಿದ್ರೋ ಗೊತ್ತಿಲ್ಲ. ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡು ನನ್ನ ಟೇಬಲ್ ಮುಂದೆ ನಿಂತು, "ಸ್ವಾಮಿ, ಮಗು ಏನೋ ತಿಳೀದೆ ಬರ್‍ದವ್ಳೆ. ಸ್ಕಾಲರ್‌ಶಿಪ್ ಒಂದು ನಿಲ್ಲಿಸಬ್ಯಾಡಿ" ಅಂದ. ನಾನೂ ಅವನ ಕೇರಿಯಂಥ ಕೇರಿಯಿಂದಲೇ ಬಂದವನು ಅಂತ ಅವನಿಗೆ ಗೊತ್ತಿರಲಿಲ್ಲ. "ಸ್ಕಾಲರ್‌ಶಿಪ್‌ಗೂ ಇದಕ್ಕೂ ಸಂಬಂಧ ಇಲ್ಲ, ಹೋಗಪ್ಪ" ಅಂದೆ. 'ಹೋಗಪ್ಪ' ಅಂದೆ, 'ಕೂತ್ಕೊಳ್ಳಣ್ಣ' ಅನ್ನಲಿಲ್ಲ. ಬಾಗಿಲ ಹತ್ರ ನಿಂತಿದ್ದ ಹುಡುಗಿ ಮಾತ್ರ ಒಂದೇ ಮಾತು ಕೇಳಿದ್ಲು: "ಸರ್, ನಾನು ಬರೆದಿದ್ದು ಸುಳ್ಳಾ?"

ಮೆಮೊಗೆ ಮೇಷ್ಟ್ರು ಎರಡು ಪುಟದ ಉತ್ತರ ಕೊಟ್ರು. ಪಠ್ಯಕ್ರಮದ ಯಾವ ಘಟಕ, ಯಾವ ಪುಟ ಅಂತ ಎಲ್ಲ ಹಾಕಿದ್ರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅವರನ್ನ ಕೆಲಸದಿಂದ ತೆಗೆಯಲೂ ಇಲ್ಲ. ಮುಂದಿನ ಸೆಮಿಸ್ಟರ್‌ಗೆ ಕಾರ್ಯಭಾರ ಹಂಚೋವಾಗ ಅವರಿಗೆ ಗಂಟೆಗಳು ಇರಲಿಲ್ಲ, ಅಷ್ಟೇ. "ವರ್ಕ್‌ಲೋಡ್ ಇಲ್ಲ" ಅಂದ್ರು. ಈಗ ಹೋಗಿ ಆ ಕಡತ ತೆಗೆದು ನೋಡಿ, ಒಬ್ಬ ಮೇಷ್ಟ್ರ ಬಾಯಿ ಮುಚ್ಚಿಸಿದ್ರು ಅನ್ನೋದಕ್ಕೆ ಒಂದು ಹಾಳೆಯ ಸಾಕ್ಷಿಯೂ ಸಿಗಲ್ಲ.

ಇದನ್ನ ಹೇಳ್ಬೇಕಾಗಿದ್ದು ಯಾಕೆ ಅಂದ್ರೆ, ಅಕಾಡೆಮಿಕ್ ಸ್ವಾತಂತ್ರ್ಯ ಅಂದಾಗ ನಮ್ಮ ಕಣ್ಣ ಮುಂದೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯ, ದೊಡ್ಡ ಪ್ರೊಫೆಸರು, ನಿಷೇಧ ಆದ ಪುಸ್ತಕ ಬರುತ್ತೆ. ನಾನು ಆಫೀಸಿನ ಒಳಗಿಂದ ನೋಡಿದ್ದು ಬೇರೆ. ಬಾಯಿಗೆ ಯಾರೂ ಬೀಗ ಹಾಕಲ್ಲ. ಹೊಟ್ಟೆ ಎಲ್ಲಿದೆ ನೋಡ್ಕೊಂಡು ಅಲ್ಲಿಗೆ ಕೈ ಹಾಕ್ತಾರೆ. ಮೇಷ್ಟ್ರಿಗೆ ಕಾರ್ಯಭಾರ, ಸಂಶೋಧಕನಿಗೆ ಫೆಲೋಶಿಪ್, ಹುಡುಗಿಗೆ ಸ್ಕಾಲರ್‌ಶಿಪ್, ಹುಡುಗನಿಗೆ ಹಾಸ್ಟೆಲ್ ಸೀಟು. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೀತಿರೋದೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. ಮುಂದಿನ ವರ್ಷ ಕೆಲಸ ಇದ್ಯೋ ಇಲ್ವೋ ಗೊತ್ತಿಲ್ಲದವರಿಗೆ ತರಗತಿಯಲ್ಲಿ ಏನು ಸ್ವಾತಂತ್ರ್ಯ? ಅವರ ಸೇವಾ ಭದ್ರತೆಯ ಹೋರಾಟವನ್ನ ನಾವು ಬರೀ ಸಂಬಳದ ಹೋರಾಟ ಅಂದ್ಕೊಂಡಿದ್ದೀವಿ. ಅದು ವಾಕ್ ಸ್ವಾತಂತ್ರ್ಯದ ಹೋರಾಟವೂ ಹೌದು.

ರೋಹಿತ್ ಪ್ರಕರಣವನ್ನೇ ಒಬ್ಬ ಗುಮಾಸ್ತನ ಕಣ್ಣಲ್ಲಿ ನೋಡಿ. 2015ರ ಆಗಸ್ಟ್‌ನಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎರಡು ವಿದ್ಯಾರ್ಥಿ ಸಂಘಟನೆಗಳ ನಡುವೆ ಜಗಳ. ಒಂದು ಕಡೆ ಅಂಬೇಡ್ಕರ್ ಸ್ಟೂಡೆಂಟ್ಸ್ ಅಸೋಸಿಯೇಷನ್, ಇನ್ನೊಂದು ಕಡೆ ಎಬಿವಿಪಿ. ಜಗಳದ ಮೂಲ ಏನು? ಒಂದು ಗಲ್ಲುಶಿಕ್ಷೆಯ ವಿರುದ್ಧ ಪ್ರತಿಭಟನೆ, ಒಂದು ಸಾಕ್ಷ್ಯಚಿತ್ರದ ಪ್ರದರ್ಶನಕ್ಕೆ ಬೆಂಬಲ. ಅಂದ್ರೆ ಮಾತು, ಅಭಿಪ್ರಾಯ. ಅಲ್ಲಿಂದ ಮುಂದೆ ಎಲ್ಲ ಕಾಗದ. ಕೇಂದ್ರ ಸಚಿವ ಬಂಡಾರು ದತ್ತಾತ್ರೇಯ ಅವರಿಂದ ಮಾನವ ಸಂಪನ್ಮೂಲ ಸಚಿವೆಗೆ ಒಂದು ಪತ್ರ. ಅದರಲ್ಲಿ ವಿಶ್ವವಿದ್ಯಾಲಯ ದೇಶವಿರೋಧಿ ರಾಜಕೀಯದ ಅಡ್ಡೆ ಆಗಿದೆ ಅನ್ನೋ ಆರೋಪ. ಆ ಪತ್ರದ ಹಿಂದೆ ಸಚಿವಾಲಯದಿಂದ ವಿಶ್ವವಿದ್ಯಾಲಯಕ್ಕೆ, ಏನು ಕ್ರಮ ತಗೊಂಡ್ರಿ ಅಂತ ಒಂದರ ಮೇಲೊಂದು ಜ್ಞಾಪನ. ಕೊನೆಗೆ ಐದು ಜನ ದಲಿತ ಸಂಶೋಧಕರು ಹಾಸ್ಟೆಲಿಂದ ಹೊರಗೆ. 2016ರ ಜನವರಿ ಚಳಿಯಲ್ಲಿ ಅವರು ಕ್ಯಾಂಪಸ್ಸಿನಲ್ಲೇ ಬಯಲಲ್ಲಿ ಮಲಗಿದ್ರು. ಆ ಜಾಗಕ್ಕೆ 'ವೆಲಿವಾಡ' ಅಂತ ಹೆಸರಿಟ್ರು. ನಮ್ಮ ಕಡೆ ಹೊಲಗೇರಿ ಅಂತೀವಲ್ಲ, ಅದೇ. ಜನವರಿ 17ಕ್ಕೆ ರೋಹಿತ್ ಹೋದ. ಸಾಯೋವಾಗ ಅವನಿಗೆ ಬರಬೇಕಿದ್ದ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು, 1 ಲಕ್ಷ 75 ಸಾವಿರ ರೂಪಾಯಿ.

ಈ ಕಥೆಯಲ್ಲಿ ಎಷ್ಟು ಕಡತ ಇರಬೇಕು ಲೆಕ್ಕ ಹಾಕಿ. ಎಷ್ಟು ಜನ ನನ್ನಂಥವರು ಟೈಪ್ ಮಾಡಿರಬೇಕು, ಎಷ್ಟು ಜನ ಕಾಗುಣಿತ ತಿದ್ದಿರಬೇಕು.

ಅದೇ 2015ರ ಮೇ ತಿಂಗಳಲ್ಲಿ ಮದ್ರಾಸ್ ಐಐಟಿಯಲ್ಲಿ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್‌ನ ಮಾನ್ಯತೆ ಕಿತ್ತುಕೊಂಡ್ರು. ಯಾವುದರ ಮೇಲೆ? ಸಚಿವಾಲಯಕ್ಕೆ ಹೋದ ಒಂದು ಮೂಕರ್ಜಿ ಮೇಲೆ! ದೇಶಾದ್ಯಂತ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಜೂನ್‌ನಲ್ಲಿ ಮಾನ್ಯತೆ ವಾಪಸ್ ಕೊಟ್ರು. ಐಐಟಿಗೆ ಗಲಾಟೆ ಮಾಡೋಕೆ ಜನ ಇದ್ರು. ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿನ ಗೋಡೆಯಿಂದ ಒಂದು ಹಾಳೆ ಕಿತ್ತರೆ ಕೇಳೋರು ಯಾರು?

ಶಾಲೆಗಳ ಕಥೆ ಇನ್ನೂ ಕಷ್ಟ. ಬೀದರಿನಲ್ಲಿ 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ಒಂದು ನಾಟಕ ಆಡಿದ್ರು. ರಾಜದ್ರೋಹದ ಕೇಸು ಬಿತ್ತು. ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ಮಗುವಿನ ತಾಯಿ ಜೈಲಿಗೆ ಹೋದ್ರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಪ್ರೈಮರಿ ಮಕ್ಕಳನ್ನ ಕೂರಿಸಿಕೊಂಡು ವಿಚಾರಣೆ ಮಾಡಿದ್ರು. ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಕೇಸು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಅಷ್ಟರಲ್ಲಿ ಮೂರು ವರ್ಷದ ಮೇಲಾಗಿತ್ತು. ಕೇಸು ಬಿದ್ದುಹೋಯ್ತು ಸರಿ. ಆ ಮಕ್ಕಳು ಮತ್ತೆ ಮೈಕ್ ಮುಂದೆ ನಿಂತಾಗ ಗಂಟಲಲ್ಲಿ ಏನು ಸಿಕ್ಕಿಕೊಳ್ಳುತ್ತೆ ಅನ್ನೋದನ್ನ ಯಾವ ಕೋರ್ಟು ರದ್ದು ಮಾಡುತ್ತೆ?

ನಮ್ಮ ಚಳವಳಿ ಹುಟ್ಟಿದ್ದೇ ಇಂಥ ಒಂದು ಮಾತಿನಿಂದ ಅನ್ನೋದನ್ನ ಹೊಸ ಹುಡುಗರು ನೆನಪಿಟ್ಟುಕೊಳ್ಳಬೇಕು. 1973ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದ್ರು. ದೇವರಾಜ ಅರಸು ಸಂಪುಟದ ಮಂತ್ರಿ, ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ ಮನುಷ್ಯ. ಅವರು ಹೇಳಿದ್ದು ಸರಿಯೋ ತಪ್ಪೋ, ಅದೊಂದು ಅಭಿಪ್ರಾಯ. ಲೇಖನ ಬರೆದು ಉತ್ತರ ಕೊಡಬಹುದಿತ್ತು. ಉತ್ತರ ಬಂದಿದ್ದು ಕಲ್ಲಿನಲ್ಲಿ. ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರಿಗೆ ಹೊಡೆದ್ರು. ಮಾತಾಡಿದ್ದು ಮಂತ್ರಿ, ಏಟು ತಿಂದಿದ್ದು ಹಾಸ್ಟೆಲ್ ಹುಡುಗರು! ಕುವೆಂಪು ಅವರು ಬಸವಲಿಂಗಪ್ಪನವರ ಪರ ನಿಂತ್ರು. ಆದರೂ ಅವರು ಮಂತ್ರಿ ಸ್ಥಾನ ಬಿಡಬೇಕಾಯ್ತು. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು.

ಅದಕ್ಕೂ ಹಿಂದೆ 1936ರಲ್ಲಿ, ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನ ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ನೋಡಿ ಹೆದರಿ, ಕೆಲವು ಭಾಗ ತೆಗೀರಿ ಅಂದ್ರು. ಇವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯ್ತು. ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ್ರು. ಜಾತಿ ವಿನಾಶ ಪುಸ್ತಕ ನಮ್ಮ ಕೈಗೆ ಸಿಕ್ಕಿದ್ದು ಹಾಗೆ. ಆಡಲು ಬಿಡದ ಭಾಷಣ ಅದು.

ಈಗ ನಮ್ಮವರಿಗೆ ಬೇಜಾರಾಗೋ ಮಾತು.

2012ರಲ್ಲಿ ಎನ್‌ಸಿಇಆರ್‌ಟಿ 11ನೇ ತರಗತಿ ಪುಸ್ತಕದ ಒಂದು ವ್ಯಂಗ್ಯಚಿತ್ರದ ಬಗ್ಗೆ ದೊಡ್ಡ ಗಲಾಟೆ ಆಯ್ತು, ನೆನಪಿರಬಹುದು. ಶಂಕರ್ 1949ರಲ್ಲಿ ಬರೆದಿದ್ದು. ಬಸವನಹುಳದ ಮೇಲೆ ಕೂತ ಬಾಬಾಸಾಹೇಬರು, ಹಿಂದೆ ಚಾಟಿ ಹಿಡಿದ ನೆಹರೂ. ಸಂಸತ್ತಿನಲ್ಲಿ ಗದ್ದಲ ಆಗಿ ಪುಸ್ತಕದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್, ಯೋಗೇಂದ್ರ ಯಾದವ್ ಇಬ್ಬರೂ ರಾಜೀನಾಮೆ ಕೊಟ್ರು. ಪಳಶೀಕರ್ ಅವರ ಪುಣೆಯ ಆಫೀಸಿಗೆ ನುಗ್ಗಿ ಒಡೆದು ಹಾಕಿದ್ರು. ಒಡೆದವರು ನಮ್ಮ ಹೆಸರು ಹೇಳ್ಕೊಂಡವರೇ.

ನಮ್ಮಲ್ಲೂ ಒಂದು ಮನವಿ ಪತ್ರ ತಯಾರಾಯ್ತು. ನಾನೂ ಸಹಿ ಹಾಕಿದೆ. ಆ ಅಧ್ಯಾಯ ಓದಿರಲಿಲ್ಲ. ವರ್ಷಗಳಾದ ಮೇಲೆ ಓದಿದೆ. ಸಂವಿಧಾನ ರಚನೆಗೆ ಯಾಕೆ ಅಷ್ಟು ಕಾಲ ಹಿಡೀತು, ಎಷ್ಟು ಚರ್ಚೆ ಆಯ್ತು ಅಂತ ಮಕ್ಕಳನ್ನ ಯೋಚನೆಗೆ ಹಚ್ಚೋ ಪುಟ ಅದು. ಚಿತ್ರ ನೋಡಿ ನನಗೆ ಆದ ನೋವು ಸುಳ್ಳಲ್ಲ. ಚಾಟಿ ಅನ್ನೋದು ನಮ್ಮ ಬೆನ್ನಿಗೆ ಗೊತ್ತಿರೋ ವಸ್ತು. ಹಳ್ಳಿ ಶಾಲೆಯ ತರಗತಿಯಲ್ಲಿ ಆ ಚಿತ್ರ ತೋರಿಸಿ ನಮ್ಮ ಮಗುವನ್ನ ನೋಡಿ ನಗೋರು ಇರ್ತಾರೆ ಅನ್ನೋದೂ ಸುಳ್ಳಲ್ಲ. ಆದರೆ ಓದದೆ ಸಹಿ ಹಾಕಿದೆನಲ್ಲ, ಆ ಮೂಕರ್ಜಿ ಬರೆದವನಿಗೂ ನನಗೂ ವ್ಯತ್ಯಾಸ ಏನು? ಅವನು ಹೆಸರು ಹಾಕಿರಲಿಲ್ಲ, ನಾನು ಹಾಕಿದ್ದೆ, ಅಷ್ಟೇ.

"ಹಾಗಾದ್ರೆ ಬಾಬಾಸಾಹೇಬರನ್ನ ಯಾರು ಏನು ಬೇಕಾದ್ರೂ ಅನ್ನಬಹುದಾ?" ಅಂತ ಕೇಳ್ತೀರಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಹುಡುಗರು ಬಾಬಾಸಾಹೇಬರ ಹೆಸರನ್ನ, ಮೀಸಲಾತಿಯನ್ನ ಗೇಲಿ ಮಾಡಿ ಕಿರುನಾಟಕ ಆಡಿದಾಗ ನನ್ನ ರಕ್ತವೂ ಕುದೀತು. ಅದು ಪ್ರಶ್ನೆ ಆಗಿರಲಿಲ್ಲ, ವಿಮರ್ಶೆ ಆಗಿರಲಿಲ್ಲ. ಪಕ್ಕದಲ್ಲಿ ಕೂತ ದಲಿತ ಹುಡುಗನನ್ನ ನೋಡಿ ನಗೋ ನಗು ಅದು. ಅವಮಾನಕ್ಕೂ ವಿಮರ್ಶೆಗೂ ಗೆರೆ ಇದೆ. 19ನೇ ವಿಧಿಯ 2ನೇ ಉಪವಿಧಿಯಲ್ಲೂ ನಿರ್ಬಂಧಗಳಿವೆ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಜಾತಿ ಹೆಸರಿಡಿದು ಅವಮಾನ ಮಾಡೋದನ್ನ ನಾನು ವಾಕ್ ಸ್ವಾತಂತ್ರ್ಯ ಅಂತ ಒಪ್ಪಲ್ಲ.

ಆದರೆ ಆ ಗೆರೆ ಎಳೆಯೋ ಅಧಿಕಾರವನ್ನ 'ಭಾವನೆಗೆ ಧಕ್ಕೆ' ಅನ್ನೋ ಎರಡು ಪದಕ್ಕೆ ಬಿಟ್ಟುಕೊಡೋದು ನಮಗೇ ಅಪಾಯ. ಈ ದೇಶದಲ್ಲಿ ನಮ್ಮಷ್ಟು ಭಾವನೆಗೆ ಧಕ್ಕೆ ತಂದವರು ಯಾರಿದ್ದಾರೆ ಹೇಳಿ? ಕೆರೆ ನೀರು ಮುಟ್ಟಿದ್ದು ಧಕ್ಕೆ, ಚಪ್ಪಲಿ ಹಾಕ್ಕೊಂಡು ಬೀದಿಯಲ್ಲಿ ನಡೆದಿದ್ದು ಧಕ್ಕೆ, ಬೂಸಾ ಅಂದಿದ್ದು ಧಕ್ಕೆ, ಕಟಿಂಗ್ ಚಾರ್ಜಿನ ಲೆಕ್ಕ ಬರೆದಿದ್ದೂ ಧಕ್ಕೆ. ಆ ಆಯುಧಕ್ಕೆ ನಾವು ಸಾಣೆ ಹಿಡಿದು ಕೊಟ್ರೆ ಮೊದಲು ಬೀಳೋದು ನಮ್ಮ ಕತ್ತಿನ ಮೇಲೇ. ಇದಕ್ಕೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ನನ್ನನ್ನ 'ಮೆತ್ತಗಾಗಿದ್ದಾನೆ' ಅಂದವರಿದ್ದಾರೆ. ಅನ್ನಲಿ. ಅವರಿಗೂ ಮಾತಾಡೋ ಹಕ್ಕಿದೆ.

ಕೊನೆಗೆ ಆಫೀಸಿನವನಾಗಿ ಕೆಲವು ಮಾತು.

ಕಾಲೇಜಲ್ಲಿ ಓದೋ ತಮ್ಮಂದಿರೇ, ತಂಗಿಯರೇ, ನೀವು ಬರೆದದ್ದರ ಒಂದು ಫೋಟೋ ನಿಮ್ಮ ಹತ್ರ ಇಟ್ಕೊಳ್ಳಿ. ಬಾಯಲ್ಲಿ ಬೆದರಿಸಿದ್ರೆ, "ಬರವಣಿಗೆಯಲ್ಲಿ ಕೊಡಿ ಸರ್" ಅನ್ನಿ. ಬರವಣಿಗೆ ಅಂದ ತಕ್ಷಣ ಅರ್ಧ ಜನ ಹಿಂದೆ ಸರೀತಾರೆ, ಇದು ನಾನು ಕಣ್ಣಾರೆ ಕಂಡಿದ್ದು. ನೋಟಿಸ್ ಬಂದ್ರೆ ಒಬ್ಬರೇ ಕೂತು ಉತ್ತರ ಬರೀಬೇಡಿ, ದೂರಿನ ಪ್ರತಿ ಕೇಳಿ, ದೂರಿಗೆ ಹೆಸರು ಸಹಿ ಇದ್ಯಾ ಅಂತ ಕೇಳಿ. ಸರ್ಕಾರಿ, ಅನುದಾನಿತ ಕಾಲೇಜಾದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ತಾರತಮ್ಯದ ದೂರಿಗೆ ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ನಿಮ್ಮ ಕಾಲೇಜಲ್ಲಿ ಅದು ಎಲ್ಲಿದೆ, ಯಾರಿದ್ದಾರೆ ಕೇಳಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ರೋಹಿತ್ ಹೆಸರಿನ ಕಾಯ್ದೆಯ ಮಾತು ಬಂದಾಗ ನಾವೆಲ್ಲ ಖುಷಿಪಟ್ವಿ. ಕಾಯ್ದೆ ಬೇಕು. ಆದರೆ ಕಾಯ್ದೆ ಜಾರಿ ಆಗೋದೂ ಒಂದು ಟಿಪ್ಪಣಿ ಹಾಳೆ ಮೇಲೇ.

ಆ ಹಾಳೆ ಮುಂದೆ ಕೂತಿರೋ ನಮ್ಮ ಜನಕ್ಕೆ ನನ್ನ ಮುಖ್ಯ ಮಾತು. ಮೀಸಲಾತಿಯಿಂದ ಕುರ್ಚಿ ಸಿಕ್ಕಿದೆ ನಮಗೆ. ಎಲ್ಲರೂ ಕೆಲಸ ಬಿಟ್ಟು ಬೀದಿಗೆ ಬನ್ನಿ ಅಂತ ಹೇಳೋನು ನಾನಲ್ಲ. ನನಗೂ ಮನೆ, ಮಕ್ಕಳು, ಸಾಲ ಇದೆ. ಒಂದು ಸಾಲು ಬರೀರಿ. "ಇದು ಅನಾಮಧೇಯ ಅರ್ಜಿ." "ಇದು ಪಠ್ಯಕ್ರಮದ ಭಾಗ." "ಸಂಬಂಧಪಟ್ಟವರ ವಾದ ಆಲಿಸಿಲ್ಲ." ಅಷ್ಟೇ ಸಾಲು. ಮೇಲಿನವರು ಅದನ್ನ ಹೊಡೆದು ಹಾಕಲಿ. ಹೊಡೆದು ಹಾಕಿದ್ದಾದರೂ ಕಡತದಲ್ಲಿ ಕಾಣಲಿ.

ಮೇಷ್ಟ್ರು ಈಗ ಬೇರೆ ಜಿಲ್ಲೆಯಲ್ಲಿದ್ದಾರೆ. ಈ ಪೋಸ್ಟ್ ಹಾಕೋ ಮೊದಲು ಫೋನ್ ಮಾಡಿ ಅನುಮತಿ ಕೇಳಿದೆ. "ಹಾಕಿ ಅಣ್ಣ. ನನ್ನ ಹೆಸರು ಮಾತ್ರ ಬೇಡ, ಇಲ್ಲೂ ನಾನು ಅತಿಥಿಯೇ" ಅಂದ್ರು.

ಹುಡುಗಿ ಎರಡು ವರ್ಷದ ಹಿಂದೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ಗುರುತು ಹಿಡಿದು ಮಾತಾಡಿಸಿದ್ಲು. ಬಿ.ಎಡ್. ಮುಗಿಸಿದ್ದಾಳೆ. "ಈಗಲೂ ಬರೀತೀಯೇನಮ್ಮ?" ಅಂತ ಕೇಳಿದೆ. "ಇಲ್ಲ ಸರ್" ಅಂದ್ಲು.

ಅವತ್ತು ಗೋಡೆಯಿಂದ ಕಿತ್ತ ಹಾಳೆಯ ಜೆರಾಕ್ಸ್ ಪ್ರತಿ ನನ್ನ ಹತ್ರ ಇದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಮೆಮೊಗೆ ಲಗತ್ತಿಸೋಕೆ ಅಂತ ಮಾಡಿಸಿದ್ದು, ಒಂದು ಪ್ರತಿ ಹೆಚ್ಚಾಗಿತ್ತು. ತಂಗಿ, ಈ ಪೋಸ್ಟ್ ನಿನ್ನ ಕಣ್ಣಿಗೆ ಬಿದ್ದರೆ ಹೇಳ್ತೀನಿ. ನೀನು ಅವತ್ತು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ನೀನು ಬರೆದಿದ್ದು ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ನಾನು ಟೈಪ್ ಮಾಡಿದ್ದು ಸುಳ್ಳು.

ಜೈಭೀಮ್.